ಬೆರಳೆತ್ತುವವರೂ ಮೈಕು ಹಿಡಿದವರೂ

ಧಾರವಾಡ ಸೀಮೆಯ ಜಾತ್ರೆಗಳಲ್ಲಿ ನಡೆಯುವ ಜಂಗೀ ನಿಕಾಲಿ ಕುಸ್ತಿಯಲ್ಲಿ ಪಂಚರ ತೀರ್ಪನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಪೈಲ್ವಾನನ ಬೆನ್ನು ಕೆಂಪು ಮಣ್ಣಿಗೆ ತಾಗಿತೆಂದರೆ ಕುಸ್ತಿ ಮುಗಿಯಿತು. ಪಂಚರು ಕಂಡದ್ದನ್ನೇ ಕಣದ ಸುತ್ತ ಕುಳಿತ ಸಾವಿರಾರು ಮಂದಿಯೂ ಕಂಡಿರುತ್ತಾರೆ. ಕಬಡ್ಡಿಯಲ್ಲಿ ತಕರಾರು ಸ್ವಲ್ಪ ಹೆಚ್ಚು. ಲಾಬಿ ಯಾವಾಗ ಆಟದೊಳಗೆ ಬರುತ್ತದೆ, ಬೋನಸ್ ಗೆರೆ ದಾಟಿದಾಗ ಎದುರಿಗೆ ಆರು ಮಂದಿ ಇದ್ದರೋ ಇಲ್ಲವೋ ಎಂಬ ಮಾತು ಬರುತ್ತದೆ. ಆದರೂ ನೋಡುವವರಲ್ಲಿ ಅರ್ಧದಷ್ಟು ಜನ ಒಂದಲ್ಲ ಒಂದು ಕಾಲಕ್ಕೆ ಶಾಲೆಯ ಬಯಲಿನಲ್ಲಿ ಆ ಆಟ ಆಡಿದವರೇ ಆದ್ದರಿಂದ ನಿಯಮ ಅವರ ಮೈಯಲ್ಲಿದೆ. 2014ರಲ್ಲಿ ಆರಂಭವಾದ ಪ್ರೊ ಕಬಡ್ಡಿಯ ವೀಕ್ಷಕ ವಿವರಣೆಕಾರರು ತಪ್ಪು ಹೇಳಿದರೆ ಹಳ್ಳಿಯ ಹುಡುಗನೂ ಅದನ್ನು ಹಿಡಿದುಬಿಡುತ್ತಾನೆ. ಕ್ರಿಕೆಟ್ ಹಾಗಲ್ಲ. ಕಾಲು ಅಡ್ಡ ಬರದಿದ್ದರೆ ಚೆಂಡು ಸ್ಟಂಪಿಗೆ ಬಡಿಯುತ್ತಿತ್ತೇ ಎಂದು ನಿರ್ಧರಿಸುವ ಎಲ್‌ಬಿಡಬ್ಲ್ಯೂ, ನಡೆಯದೇ ಹೋದ ಒಂದು ಸಂಗತಿಯ ಬಗ್ಗೆ ಕೊಡುವ ತೀರ್ಪು. ಅದನ್ನು ಕಣ್ಣಾರೆ ಕಂಡವರು ಯಾರೂ ಇರುವುದಿಲ್ಲ. ಇಂಥ ತೀರ್ಪಿಗೆ ವಿವರಣೆ ಬೇಕೇಬೇಕು. ಆದರೆ ತೀರ್ಪು ಕೊಡುವವನು ಮಾತಾಡುವುದಿಲ್ಲ, ಮಾತಾಡುವವನು ತೀರ್ಪಿನ ಪುಸ್ತಕ ಓದಿರಬೇಕೆಂಬ ಕಟ್ಟಳೆ ಇಲ್ಲ. ಜಗತ್ತಿನ ಎಲ್ಲ ಆಟಗಳ ತೀರ್ಪುಗಾರರು ವಿವರಣೆಕಾರರ ಮೇಲೆ ಹೊತ್ತುಕೊಂಡಿರುವ ಅಸಮಾಧಾನದ ಬೇರು ಇಲ್ಲಿದೆ. ಕನ್ನಡ ನಾಡಿನಲ್ಲಿ ಅದರ ಚರಿತ್ರೆಯನ್ನು ಹುಡುಕುವವರಿಗೆ ಕ್ರಿಕೆಟ್ಟಿನಷ್ಟು ಸಾಮಗ್ರಿ ಬೇರೆ ಯಾವ ಆಟದಲ್ಲೂ ಸಿಗುವುದಿಲ್ಲ.

ವಿವರಣೆಯ ಕಸುಬು ಹುಟ್ಟಿದ್ದೇ ಕಥೆ ಹೇಳುವ ಕಸುಬಾಗಿ. ಇಂಗ್ಲೆಂಡಿನಲ್ಲಿ 1927ರಲ್ಲಿ ಬಿಬಿಸಿ ಮೊದಲ ಬಾರಿಗೆ ಕ್ರಿಕೆಟ್ ಪಂದ್ಯವೊಂದನ್ನು ಮಾತಿನಲ್ಲಿ ಬಿತ್ತರಿಸಿದಾಗ ಮೈಕಿನ ಮುಂದೆ ಕೂತವರು ಹಿಂದೆ ಕೌಂಟಿ ಆಡಿದ್ದ ಒಬ್ಬ ಪಾದ್ರಿ, ಗಿಲಿಂಗ್‌ಹ್ಯಾಮ್. ನಮ್ಮಲ್ಲಿ 1934ರಲ್ಲಿ ಮುಂಬಯಿಯ ಎಸ್‌ಪ್ಲನೇಡ್ ಮೈದಾನದಿಂದ ಬಾಬಿ ತಲ್ಯಾರಖಾನ್ ಇಡೀ ದಿನದ ಆಟವನ್ನು ಒಬ್ಬರೇ ಹೇಳುವ ಪದ್ಧತಿ ಹಾಕಿದರು. ಕೇಳುಗರು ಅವರಿಂದ ಬಯಸಿದ್ದು ಮೈದಾನವನ್ನು ಕಣ್ಣಿಗೆ ತಂದು ನಿಲ್ಲಿಸುವ ಮಾತನ್ನು, ನಿಯಮದ ಪಾಠವನ್ನಲ್ಲ. ಅವರೂ ಅದನ್ನೇ ಕೊಟ್ಟರು, ಸೊಗಸಾಗಿ ಕೊಟ್ಟರು. ಧಾರವಾಡಕ್ಕೆ ಸ್ವಂತ ಆಕಾಶವಾಣಿ ಕೇಂದ್ರ ಬಂದದ್ದು 1950ರ ಜನವರಿ 8ರಂದು. ಅದಕ್ಕೂ ಮುಂಚೆ, ಅದರ ನಂತರ ದಶಕಗಳ ಕಾಲ, ಉತ್ತರ ಕರ್ನಾಟಕದ ಬಹುಪಾಲು ಜನರಿಗೆ ಟೆಸ್ಟ್ ಪಂದ್ಯವೆಂದರೆ ರೇಡಿಯೋದಿಂದ ಬರುವ ಇಂಗ್ಲಿಷ್ ಮತ್ತು ಹಿಂದಿಯ ಧ್ವನಿ. ಕಬಡ್ಡಿಯ ನಿಯಮ ಮೈಯಿಂದ ಮೈಗೆ ಬಂದರೆ ಕ್ರಿಕೆಟ್ಟಿನ ನಿಯಮ ಕಿವಿಯಿಂದ ಬಂತು. ನೋ ಬಾಲ್, ಲೆಗ್ ಬೈ, ಎಲ್‌ಬಿಡಬ್ಲ್ಯೂ ಎಂಬ ಪದಗಳು ಇದ್ದ ಹಾಗೇ ನಮ್ಮ ಓಣಿಗಳಿಗೆ ಇಳಿದವು. ಅವುಗಳ ಹಿಂದಿನ ಷರತ್ತುಗಳು ಮಾತ್ರ ವಿವರಣೆಕಾರ ಎಷ್ಟು ಹೇಳಿದನೋ ಅಷ್ಟೇ ಇಳಿದವು. ಇದು ಸಣ್ಣ ಸಂಗತಿಯಲ್ಲ. ಒಂದು ಸಮಾಜಕ್ಕೆ ಆಟದ ಕಾನೂನು ಮೊದಲು ಪರಿಚಯವಾದದ್ದು ಕಾನೂನಿನ ಪುಸ್ತಕದಿಂದಲ್ಲ, ಅದನ್ನು ಓದುವ ಹೊಣೆ ಇಲ್ಲದವರ ಬಾಯಿಂದ.

ಆ ಬಾಯಿಪಾಠದಲ್ಲಿ ಏನೇನು ಬಿಟ್ಟುಹೋಯಿತು ಎಂಬುದಕ್ಕೆ ಎಲ್‌ಬಿಡಬ್ಲ್ಯೂ ಒಳ್ಳೆಯ ಸಾಕ್ಷಿ. 1774ರಲ್ಲಿ ಆ ನಿಯಮ ಮೊದಲು ಬಂದಾಗ ಬೇಕೆಂದೇ ಕಾಲು ಅಡ್ಡ ಇಟ್ಟವನನ್ನು ಮಾತ್ರ ಔಟ್ ಕೊಡಬಹುದಿತ್ತು. 1930ರ ದಶಕದವರೆಗೂ ಚೆಂಡು ವಿಕೆಟ್ಟಿನ ನೇರದಲ್ಲೇ ಪುಟಿಯಬೇಕಿತ್ತು. 1935ರಲ್ಲಿ ಪ್ರಯೋಗವಾಗಿ, 1937ರಲ್ಲಿ ಕಾಯಂ ಆಗಿ, ಆಫ್ ಸ್ಟಂಪಿನ ಹೊರಗೆ ಪುಟಿದ ಚೆಂಡಿಗೂ ಔಟ್ ಕೊಡಬಹುದೆಂದಾಯಿತು. 1970ರ ದಶಕದಲ್ಲಿ ಇನ್ನೊಂದು ಷರತ್ತು ಸೇರಿತು: ಬ್ಯಾಟ್ಸ್‌ಮನ್ ಚೆಂಡನ್ನು ಆಡಲು ಪ್ರಾಮಾಣಿಕವಾಗಿ ಯತ್ನಿಸದೆ ಪ್ಯಾಡ್ ಒಡ್ಡಿದರೆ, ಚೆಂಡು ಆಫ್ ಸ್ಟಂಪಿನ ಹೊರಗೆ ಕಾಲಿಗೆ ತಗುಲಿದ್ದರೂ ಅವನು ಔಟ್ ಆಗಬಹುದು. ಈ ಪ್ರತಿಯೊಂದು ತಿದ್ದುಪಡಿಯ ಹಿಂದೆಯೂ ಪ್ಯಾಡಿನಿಂದ ಆಟವನ್ನು ಕೊಲ್ಲುವವರ ವಿರುದ್ಧ ಬೌಲರ್‌ಗಳ ದೀರ್ಘ ದೂರು ಇದೆ. ಆದರೆ ನಮ್ಮ ಕಿವಿಗೆ ಬಿದ್ದು ಉಳಿದ ಸೂತ್ರವೆಂದರೆ, ಮುಂದಿನ ಕಾಲು ಪೂರ್ತಿ ಚಾಚಿ ಆಡಿದವನಿಗೆ ಎಲ್‌ಬಿಡಬ್ಲ್ಯೂ ಕೊಡುವುದಿಲ್ಲ ಎಂಬುದು. ನಿಯಮ 36ರಲ್ಲಿ ಮುಂದಿನ ಕಾಲು, ಹಿಂದಿನ ಕಾಲು ಎಂಬ ಮಾತೇ ಇಲ್ಲ. ಚೆಂಡು ಇನ್ನೂ ದೂರ ಹೋಗಬೇಕಿರುವುದರಿಂದ ಅಂಪೈರ್‌ಗೆ ಖಾತ್ರಿ ಕಡಿಮೆ ಎಂಬ ಒಂದು ವಿವೇಕದ ಸೂಚನೆ, ಬಾಯಿಂದ ಬಾಯಿಗೆ ಹೋಗುತ್ತ ನಿಯಮವೇ ಆಗಿಬಿಟ್ಟಿತು. ಪುಟಿಯದೆ ಬಂದ ಚೆಂಡು ಪ್ಯಾಡಿಗೆ ಬಡಿದಾಗಲೂ ಇದೇ ಗೊಂದಲ. ಅದು ಮುಂದೆ ಪುಟಿದು ತಿರುಗುತ್ತಿತ್ತು ಎಂದು ವಾದಿಸುವವರಿದ್ದಾರೆ. ನಿಯಮ ಹೇಳುವುದು, ತಗುಲುವ ಮುಂಚಿನ ಹಾದಿಯಲ್ಲೇ ಅದು ಮುಂದುವರಿಯುತ್ತಿತ್ತೆಂದು ಅಂಪೈರ್ ಎಣಿಸಬೇಕೆಂದು. ಹೀಗೆ ಮೈದಾನದಲ್ಲಿ ಸರಿಯಾಗಿ ತೀರ್ಪು ಕೊಟ್ಟವನು ಮನೆಮನೆಯಲ್ಲಿ ತಪ್ಪಿತಸ್ಥನಾಗುತ್ತ ಬಂದ.

ಅವನು ಆ ತೀರ್ಪಿಗೆ ಎಷ್ಟು ಓದಿಕೊಂಡು ಬಂದಿರುತ್ತಾನೆ ಎಂಬುದು ನೋಡುಗರಿಗೆ ಬಹುಮಟ್ಟಿಗೆ ಗೊತ್ತಿಲ್ಲ. 2022ರಲ್ಲಿ ಬಿಸಿಸಿಐ ಮಹಿಳೆಯರ ಹಾಗೂ ಕಿರಿಯರ ಪಂದ್ಯಗಳಿಗೆ ಅಂಪೈರ್‌ಗಳನ್ನು ಆರಿಸಲು ಅಹಮದಾಬಾದಿನಲ್ಲಿ ನಡೆಸಿದ ಪರೀಕ್ಷೆಯಲ್ಲಿ ಕುಳಿತ ಸುಮಾರು 140 ಮಂದಿಯಲ್ಲಿ ತೇರ್ಗಡೆಯಾದವರು ಮೂವರು. ಅಲ್ಲಿ ಕೇಳಿದ ಪ್ರಶ್ನೆಗಳಲ್ಲೊಂದು ನೆರಳಿನ ಬಗ್ಗೆ. ಪೆವಿಲಿಯನ್ನಿನ, ಮರದ ಅಥವಾ ಫೀಲ್ಡರನ ನೆರಳು ಪಿಚ್ಚಿನ ಮೇಲೆ ಬಿದ್ದು ಬ್ಯಾಟ್ಸ್‌ಮನ್ ದೂರಿದರೆ ಏನು ಮಾಡುತ್ತೀರಿ? ಕಟ್ಟಡದ, ಮರದ ನೆರಳನ್ನು ಲೆಕ್ಕಿಸಬೇಕಿಲ್ಲ. ಫೀಲ್ಡರ್ ಮಾತ್ರ ಅಲುಗದೆ ನಿಲ್ಲಬೇಕು, ಇಲ್ಲದಿದ್ದರೆ ಡೆಡ್ ಬಾಲ್ ಎನ್ನಬೇಕು. ಬೆರಳಿಗೆ ಗಾಯವಾಗಿ ಪಟ್ಟಿ ಸುತ್ತಿಕೊಂಡ ಬೌಲರ್, ಅದನ್ನು ಬಿಚ್ಚಿದರೆ ರಕ್ತ ಬರುತ್ತದೆ ಎಂದರೂ ಬೌಲ್ ಮಾಡಬೇಕಾದರೆ ಬಿಚ್ಚಿಸಲೇಬೇಕು ಎಂಬುದು ಇನ್ನೊಂದು ಪ್ರಶ್ನೆಯ ಉತ್ತರ. ಕಿರಿಯರ ಪಂದ್ಯವೊಂದರಲ್ಲಿ ಬಿಳಿ ಕೋಟು ಹಾಕಿ ನಿಲ್ಲಲು ಇಷ್ಟು ಬೇಕು. ಕೋಟ್ಯಂತರ ಜನರಿಗೆ ಆ ಕೋಟಿನವನ ತಪ್ಪು ಒಪ್ಪುಗಳನ್ನು ಹೇಳಲು ಇದರಲ್ಲಿ ಹತ್ತನೇ ಒಂದು ಪಾಲನ್ನೂ ಯಾರೂ ಕೇಳುವುದಿಲ್ಲ. ಈ ಅಸಮಾನತೆ ಅನ್ಯಾಯದ್ದು ಎಂದು ಹೇಳಲು ನನಗೆ ಸಂಕೋಚವಿಲ್ಲ.

ಟೆಲಿವಿಷನ್ ಬಂದ ಮೇಲೆ ಸ್ಥಿತಿ ಸುಧಾರಿಸಬೇಕಿತ್ತು. ಚಿತ್ರ ಎಲ್ಲರ ಮುಂದಿದೆಯಲ್ಲ. ಆದದ್ದು ಬೇರೆ. 1992ರ ನವೆಂಬರಿನಲ್ಲಿ ಡರ್ಬನ್ನಿನಲ್ಲಿ ಮೂರನೇ ಅಂಪೈರ್ ಪದ್ಧತಿ ಆರಂಭವಾಗಿ ಸಚಿನ್ ತೆಂಡುಲ್ಕರ್ ಅದರಿಂದ ರನ್ ಔಟಾದ ಮೊದಲ ಆಟಗಾರರಾದರು. ಅಲ್ಲಿಯವರೆಗೆ ಅಂಪೈರನ ಮೌನವೇ ಅವನ ಅಧಿಕಾರದ ಆಧಾರವಾಗಿತ್ತು. ಬೆರಳೆತ್ತಿದರೆ ಮುಗಿಯಿತು, ಕಾರಣ ಕೇಳುವಂತಿಲ್ಲ, ಅವನೂ ಹೇಳುವಂತಿಲ್ಲ. ಪಂದ್ಯದ ತೀರ್ಪುಗಳ ಬಗ್ಗೆ ಪತ್ರಿಕೆಗಳಿಗೆ ಮಾತಾಡದಿರುವುದು ಇಂದಿಗೂ ಈ ಕಸುಬಿನ ಕಟ್ಟುಪಾಡು. ಅದೇ ಚಿತ್ರವನ್ನು ಹತ್ತು ಸಲ ನಿಧಾನಗತಿಯಲ್ಲಿ ತೋರಿಸಲು ತೊಡಗಿದ ಮೇಲೆ ಆ ಮೌನ ಖಾಲಿ ಜಾಗವಾಯಿತು, ವಿವರಣೆಕಾರರು ಅದನ್ನು ತುಂಬಿದರು. 2001ರಲ್ಲಿ ಇಂಗ್ಲೆಂಡಿನ ಚಾನೆಲ್ 4 ಹಾಕ್-ಐ ತಂತ್ರವನ್ನು ಪರದೆಗೆ ತಂದದ್ದು ನೋಡುಗರಿಗೆ ರಂಜನೆಗಾಗಿ, ಮಾತಾಡುವವರಿಗೆ ಸಾಮಗ್ರಿಯಾಗಿ. ಏಳು ವರ್ಷಗಳ ನಂತರ, 2008ರ ಶ್ರೀಲಂಕಾ ಪ್ರವಾಸದಲ್ಲಿ ಭಾರತ ತಂಡದ ಪಂದ್ಯಗಳಲ್ಲೇ, ಚೆಂಡಿನ ಹಾದಿ ಹೇಳುವ ಅಂಥ ತಂತ್ರ ತೀರ್ಪಿನ ಸಾಧನವಾಗಿ ಪರೀಕ್ಷೆಗೊಳಗಾಯಿತು. ಇದನ್ನು ಗಮನಿಸಬೇಕು: ಮಾತಿನ ಪೆಟ್ಟಿಗೆಯ ಉಪಕರಣ ಮೈದಾನಕ್ಕೆ ಇಳಿಯಿತೇ ಹೊರತು ಮೈದಾನದ ಪುಸ್ತಕ ಮಾತಿನ ಪೆಟ್ಟಿಗೆಗೆ ಏರಲಿಲ್ಲ.

ಅದರ ಫಲವನ್ನು ‘ಅಂಪೈರ್ಸ್ ಕಾಲ್’ ವಿವಾದದಲ್ಲಿ ನೋಡಬಹುದು. ಚೆಂಡಿನ ಅರ್ಧಕ್ಕಿಂತ ಕಡಿಮೆ ಭಾಗ ಸ್ಟಂಪಿಗೆ ತಗುಲುತ್ತದೆಂದು ಯಂತ್ರ ತೋರಿಸಿದರೆ ಮೈದಾನದ ಅಂಪೈರ್ ಮೊದಲು ಕೊಟ್ಟ ತೀರ್ಪೇ ನಿಲ್ಲುತ್ತದೆ. ಒಂದೇ ಬಗೆಯ ಚೆಂಡಿಗೆ ಒಬ್ಬ ಔಟ್, ಇನ್ನೊಬ್ಬ ನಾಟ್ ಔಟ್, ಇದೆಂಥ ನ್ಯಾಯ ಎಂದು ದೊಡ್ಡ ದೊಡ್ಡ ಆಟಗಾರರು ಮೈಕಿನಲ್ಲಿ ಕೇಳಿದ್ದಾರೆ, ಕೇಳುತ್ತಲೇ ಇದ್ದಾರೆ. ಅವರ ಪ್ರಶ್ನೆಯಲ್ಲೇ ತಪ್ಪು ತಿಳಿವಳಿಕೆ ಇದೆ. ಮರುಪರಿಶೀಲನೆ ಎಂದರೆ ಔಟೋ ಅಲ್ಲವೋ ಎಂದು ಮೊದಲಿಂದ ನಿರ್ಧರಿಸುವುದಲ್ಲ. ಅಂಪೈರ್ ಸ್ಪಷ್ಟವಾಗಿ ತಪ್ಪಿದ್ದಾರೆಯೇ ಎಂದು ನೋಡುವುದು. ಮೇಲಿನ ನ್ಯಾಯಾಲಯ ಕೆಳಗಿನ ತೀರ್ಪನ್ನು ಅಷ್ಟು ಸುಲಭವಾಗಿ ತಳ್ಳಿಹಾಕದಿರುವುದಕ್ಕೂ ಇದೇ ಕಾರಣ. ಚೆಂಡಿನ ಮುಂದಿನ ಹಾದಿಯೆಂದು ಪರದೆಯ ಮೇಲೆ ಕಾಣುವ ಗೆರೆ ಲೆಕ್ಕ ಹಾಕಿದ ಊಹೆ, ನಡೆದ ಘಟನೆಯ ಚಿತ್ರವಲ್ಲ; ಅಂಚಿನಲ್ಲಿ ಅದರ ಖಾತ್ರಿ ಸಡಿಲವಾಗುತ್ತದೆ. ಈ ವ್ಯವಸ್ಥೆಯನ್ನು 2021ರಲ್ಲಿ ಉಳಿಸಿಕೊಳ್ಳಬೇಕೆಂದು ನಿರ್ಣಯಿಸಿದ ಐಸಿಸಿ ಕ್ರಿಕೆಟ್ ಸಮಿತಿಯ ಅಧ್ಯಕ್ಷರು ಬೆಂಗಳೂರಿನ ಅನಿಲ್ ಕುಂಬ್ಳೆ. ಅದರ ಜೊತೆಗೇ ಸ್ಟಂಪಿನ ವಲಯವನ್ನು ಬೇಲ್ಸ್‌ನ ಎತ್ತರದವರೆಗೆ ಏರಿಸಿ ಬೌಲರ್‌ಗಳಿಗೆ ನೆರವಾದ ತಿದ್ದುಪಡಿಯೂ ಬಂತು. 619 ಟೆಸ್ಟ್ ವಿಕೆಟ್ ಪಡೆದ ಬೌಲರ್, ತನ್ನ ಕುಲಕ್ಕೆ ಇನ್ನಷ್ಟು ಲಾಭವಾಗುವ ದಾರಿಯಿದ್ದರೂ ಅಂಪೈರನ ವಿವೇಚನೆಗೆ ಜಾಗ ಉಳಿಸಿದ ಸಮಿತಿಯನ್ನು ನಡೆಸಿದ ಎಂಬುದನ್ನು ಕನ್ನಡದಲ್ಲಿ ಪಂದ್ಯ ನೋಡುವವರು ಪ್ರತಿ ‘ಅಂಪೈರ್ಸ್ ಕಾಲ್’ ಬಂದಾಗಲೂ ಕೇಳಬೇಕಿತ್ತು.

ಕುಂಬ್ಳೆ ಒಬ್ಬರೇ ಅಲ್ಲ. ನಿಯಮದ ಕಡೆಯಿಂದ ನೋಡಿದರೆ ಕರ್ನಾಟಕದ ಕ್ರಿಕೆಟ್ ಚರಿತ್ರೆ ಅಚ್ಚರಿ ಹುಟ್ಟಿಸುವಷ್ಟು ಶ್ರೀಮಂತ. ಭದ್ರಾವತಿಯ ಜಿ.ಆರ್. ವಿಶ್ವನಾಥ್ 1999ರಿಂದ 2004ರವರೆಗೆ ಐಸಿಸಿ ಮ್ಯಾಚ್ ರೆಫರಿ. ಜಾವಗಲ್ ಶ್ರೀನಾಥ್ 2006ರಿಂದ. ಕರ್ನಾಟಕದ ಪರ ರಣಜಿ ಆಡಿ ನಂತರ ಅಂಪೈರ್ ಆದ ಎ.ವಿ. ಜಯಪ್ರಕಾಶ್, 1999ರ ಫೆಬ್ರವರಿಯಲ್ಲಿ ದಿಲ್ಲಿಯ ಕೋಟ್ಲಾದಲ್ಲಿ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ ಪಡೆದ ದಿನ ಸ್ಟೀವ್ ಬಕ್ನರ್ ಜೊತೆ ಮೈದಾನದಲ್ಲಿದ್ದರು. ಶವೀರ್ ತಾರಾಪುರೆ ಕೂಡ ಕರ್ನಾಟಕಕ್ಕೆ ಆಡಿ ಅಂತರರಾಷ್ಟ್ರೀಯ ಅಂಪೈರ್ ಆದವರು. ಇವರೆಲ್ಲರಿಗಿಂತ ಹೆಚ್ಚು ಮರೆತುಹೋದವರು ಎಸ್.ಎನ್. ಹನುಮಂತರಾವ್. 1980ರ ಫೆಬ್ರವರಿಯಲ್ಲಿ ಮುಂಬಯಿಯ ಸುವರ್ಣ ಮಹೋತ್ಸವ ಟೆಸ್ಟಿನಲ್ಲಿ ಇಂಗ್ಲೆಂಡ್ 58 ರನ್ನಿಗೆ ಐದು ವಿಕೆಟ್ ಕಳೆದುಕೊಂಡಿದ್ದಾಗ ವಿಕೆಟ್ ಕೀಪರ್ ಬಾಬ್ ಟೇಲರ್ ಕ್ಯಾಚ್ ಕೊಟ್ಟರೆಂದು ಅವರು ಔಟ್ ಕೊಟ್ಟರು. ಚೆಂಡು ಬ್ಯಾಟಿಗೆ ತಗುಲಿಲ್ಲವೆಂದು ಕಂಡ ನಾಯಕ ವಿಶ್ವನಾಥ್ ಟೇಲರರನ್ನು ಮರಳಿ ಕರೆದರು. ಟೇಲರ್ ಮತ್ತು ಇಯಾನ್ ಬಾಥಮ್ 171 ರನ್ ಸೇರಿಸಿದರು. ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ವಿಶ್ವನಾಥರ ದೊಡ್ಡತನವನ್ನು ವಿವರಣೆಕಾರರು ನಾಲ್ಕು ದಶಕಗಳಿಂದ ಹೊಗಳುತ್ತ ಬಂದಿದ್ದಾರೆ, ಅದು ನ್ಯಾಯವಾದ ಹೊಗಳಿಕೆ. ಆದರೆ ಆ ಕಥೆಯಲ್ಲಿ ಹನುಮಂತರಾಯರು ತಪ್ಪು ಮಾಡಿದವರಾಗಿ ಮಾತ್ರ ಉಳಿದರು. ಇಂದಿನ ನಿಯಮ 31 ಓದಿದರೆ ಕಾಣುವುದೇನು? ನಾಯಕ ಮನವಿಯನ್ನು ಹಿಂತೆಗೆದುಕೊಳ್ಳಬೇಕಾದರೆ ಅಂಪೈರನ ಒಪ್ಪಿಗೆ ಬೇಕು. ಅಂದರೆ ಅದು ಒಬ್ಬನ ಔದಾರ್ಯವಷ್ಟೇ ಅಲ್ಲ, ತನ್ನ ತೀರ್ಪನ್ನು ಎಲ್ಲರೆದುರು ಹಿಂದಕ್ಕೆ ಪಡೆಯಲು ಒಪ್ಪುವ ಇನ್ನೊಬ್ಬನ ಔದಾರ್ಯವೂ ಹೌದು. ಇಬ್ಬರು ಕನ್ನಡಿಗರ ಕಥೆ ಒಬ್ಬರ ಕಥೆಯಾಗಿ ನಿಂತದ್ದು ನಿಯಮವನ್ನು ಬಿಟ್ಟು ಆಟವನ್ನು ಹೇಳುವ ರೂಢಿಯಿಂದ.

ಇದೇ ರೂಢಿ ಇನ್ನೊಂದು ಹೆಸರಿಗೆ ಮಸಿ ಬಳಿಯಿತು. 1947ರ ಡಿಸೆಂಬರಿನಲ್ಲಿ ಸಿಡ್ನಿಯಲ್ಲಿ ವಿನೂ ಮಂಕಡ್, ಚೆಂಡು ಎಸೆಯುವ ಮೊದಲೇ ಕ್ರೀಸ್ ಬಿಟ್ಟು ಹೊರಟ ಬಿಲ್ ಬ್ರೌನ್‌ರನ್ನು ರನ್ ಔಟ್ ಮಾಡಿದರು. ಎದುರಾಳಿ ನಾಯಕ ಬ್ರಾಡ್ಮನ್ ಅವರೇ ಅದರಲ್ಲಿ ತಪ್ಪಿಲ್ಲವೆಂದು ಬರೆದರು. ಆದರೂ ಆ ಕ್ರಿಯೆಗೆ ಮಂಕಡ್ ಹೆಸರಂಟಿತು, ಬೈಗುಳದಂತೆ ಅಂಟಿತು. ಮೊದಲು ಎಚ್ಚರಿಕೆ ಕೊಡಬೇಕಿತ್ತು ಎಂಬ ಮಾತು ಅಶ್ವಿನ್ 2019ರಲ್ಲಿ ಜೈಪುರದಲ್ಲಿ ಬಟ್ಲರ್‌ರನ್ನು, ದೀಪ್ತಿ ಶರ್ಮಾ 2022ರಲ್ಲಿ ಲಾರ್ಡ್ಸ್‌ನಲ್ಲಿ ಚಾರ್ಲಿ ಡೀನ್‌ರನ್ನು ಔಟ್ ಮಾಡಿದಾಗಲೂ ಕೇಳಿಬಂತು. ಎಚ್ಚರಿಕೆಯ ಷರತ್ತು ನಿಯಮದಲ್ಲಿ ಇಲ್ಲ. 2022ರಲ್ಲಿ ಎಂಸಿಸಿ ಈ ಅಂಶವನ್ನು ‘ಅನುಚಿತ ಆಟ’ದ ಅಧ್ಯಾಯದಿಂದ ತೆಗೆದು ರನ್ ಔಟ್ ಅಧ್ಯಾಯಕ್ಕೇ ಸೇರಿಸಿತು. ಎಪ್ಪತ್ತೈದು ವರ್ಷ ಒಬ್ಬ ಸತ್ತ ಆಟಗಾರನ ಹೆಸರು ಹೊತ್ತ ಕಳಂಕವನ್ನು ತೊಳೆಯಲು ನಿಯಮ ರಚಿಸುವವರೇ ಪುಟ ಬದಲಿಸಬೇಕಾಯಿತು.

ಇದಕ್ಕೆ ಎದುರಾಗಿ ಹೇಳುವ ಮಾತುಗಳಿವೆ, ಅವು ಹಗುರವಾದವಲ್ಲ. ವಿವರಣೆಕಾರನ ಕೆಲಸ ರಂಜಿಸುವುದು, ಕಾನೂನು ಪಾಠ ಹೇಳುವುದಲ್ಲ ಎಂಬುದು ಮೊದಲನೆಯದು. ತಲ್ಯಾರಖಾನರ ಕಾಲಕ್ಕೆ ಇದು ಸರಿ. ಆಗ ಕೇಳುಗನಿಗೆ ಚಿತ್ರ ಕಾಣುತ್ತಿರಲಿಲ್ಲ, ಚಿತ್ರ ಬರೆಯುವುದೇ ಕೆಲಸವಾಗಿತ್ತು. ಈಗ ಚಿತ್ರ ಮುಂದಿದೆ. ಮಾತಿಗೆ ಉಳಿದ ಮುಖ್ಯ ಕೆಲಸವೇ ಕಾರಣ ಹೇಳುವುದು. ಉನ್ನತ ಮಟ್ಟದಲ್ಲಿ ಆಡಿದವರಿಗೆ ನಿಯಮ ತಾನಾಗಿ ತಿಳಿದಿರುತ್ತದೆ ಎಂಬುದು ಎರಡನೆಯದು. ಹಾಗಿದ್ದರೆ ಜಯಪ್ರಕಾಶ್, ತಾರಾಪುರೆ ಅವರಂಥ ಆಟಗಾರರು ಅಂಪೈರ್ ಆಗಲು ಪರೀಕ್ಷೆಗೆ ಕೂರಬೇಕಿರಲಿಲ್ಲ. ವೇಗದ ಚೆಂಡು ಎದುರಿಸುವುದರ ಬಗ್ಗೆ ಹಳೆಯ ಆಟಗಾರ ಹೇಳುವುದನ್ನು ಬೇರೆ ಯಾರೂ ಹೇಳಲಾರರು, ಆ ಮಾತಿಗೆ ನನ್ನ ಪೂರ್ಣ ಗೌರವವಿದೆ. ಅದು ನಿಯಮ 36ರ ಅಧಿಕಾರವನ್ನು ಕೊಡುವುದಿಲ್ಲ ಅಷ್ಟೇ. ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿ: ಅಂಪೈರ್‌ಗಳೇ ನಿಯಮ ತಪ್ಪುತ್ತಾರಲ್ಲ? ತಪ್ಪುತ್ತಾರೆ. 2019ರ ಜುಲೈ 14ರ ವಿಶ್ವಕಪ್ ಫೈನಲ್‌ನಲ್ಲಿ ಗಪ್ಟಿಲ್ ಎಸೆದ ಚೆಂಡು ಸ್ಟೋಕ್ಸ್ ಬ್ಯಾಟಿಗೆ ತಾಗಿ ಬೌಂಡರಿಗೆ ಹೋದಾಗ ಕುಮಾರ ಧರ್ಮಸೇನ ಆರು ರನ್ ಕೊಟ್ಟರು. ಚೆಂಡು ಎಸೆದ ಕ್ಷಣಕ್ಕೆ ಬ್ಯಾಟ್ಸ್‌ಮನ್‌ಗಳು ಎರಡನೇ ರನ್ನಿಗೆ ಪರಸ್ಪರ ದಾಟಿರಲಿಲ್ಲವಾದ್ದರಿಂದ ನಿಯಮ 19.8ರ ಪ್ರಕಾರ ಐದೇ ಆಗಬೇಕಿತ್ತು. ಧರ್ಮಸೇನ ಮುಂದೆ ತಪ್ಪನ್ನು ಒಪ್ಪಿಕೊಂಡರು. ಆದರೆ ಇದು ತಪ್ಪೆಂದು ನಿಯಮವನ್ನು ಮುಂದಿಟ್ಟು ಜಗತ್ತಿಗೆ ಬಿಡಿಸಿ ಹೇಳಿದವರು ಯಾರು? ಇನ್ನೊಬ್ಬ ಅಂಪೈರ್, ನಿವೃತ್ತ ಸೈಮನ್ ಟಾಫೆಲ್. ತೀರ್ಪುಗಾರರ ತಪ್ಪನ್ನು ಹಿಡಿಯುವುದಕ್ಕೂ ತೀರ್ಪಿನ ಪುಸ್ತಕ ಬಲ್ಲವರೇ ಬೇಕಾಯಿತು.

ಬೇರೆ ಆಟಗಳು ಈ ಪಾಠವನ್ನು ಬೇಗ ಕಲಿತವು. 1891ರಲ್ಲಿ ನೇಯ್‌ಸ್ಮಿತ್ 13 ನಿಯಮಗಳಲ್ಲಿ ಬರೆದಿಟ್ಟ ಬಾಸ್ಕೆಟ್‌ಬಾಲ್ ಇಂದು ದಪ್ಪ ಪುಸ್ತಕವಾಗಿದೆ. ಹಿಂದೆ ನಿಂತವನು ಮೇಲಿಂದ ಕೈ ಚಾಚಿ ಚೆಂಡು ಪಡೆದರೆ ಫೌಲ್ ಎಂದು ಟಿವಿಯಲ್ಲಿ ಹೇಳುವುದನ್ನು ಕೇಳಿ ಕೇಳಿ ಅಲ್ಲಿನ ರೆಫರಿಗಳು ಬೇಸತ್ತಿದ್ದಾರೆ. ಮೈ ತಗುಲಿ ಅಡ್ಡಿಯಾಗದಿದ್ದರೆ ಅದು ಫೌಲೇ ಅಲ್ಲ. ಎನ್‌ಬಿಎ 2015ರಿಂದ ಬಿಗಿಯಾದ ಪಂದ್ಯಗಳ ಕೊನೆಯ ಎರಡು ನಿಮಿಷದ ತೀರ್ಪುಗಳನ್ನು ತಾನೇ ಪರಿಶೀಲಿಸಿ ಪ್ರಕಟಿಸುತ್ತಿದೆ. ಅಮೆರಿಕನ್ ಫುಟ್‌ಬಾಲ್ ಪ್ರಸಾರದಲ್ಲಿ ಫಾಕ್ಸ್ ವಾಹಿನಿ 2010ರಲ್ಲೇ ಹಳೆಯ ರೆಫರಿ ಮೈಕ್ ಪೆರೇರಾ ಅವರನ್ನು ನಿಯಮ ವಿವರಿಸಲೆಂದೇ ಕೂರಿಸಿತು. ರಗ್ಬಿಯಲ್ಲಿ ರೆಫರಿಯ ಮಾತು ನೋಡುಗರಿಗೆ ನೇರವಾಗಿ ಕೇಳುತ್ತದೆ. ಕ್ರಿಕೆಟ್ಟಿನಲ್ಲೂ ಒಮ್ಮೆ ಇದರ ರುಚಿ ಸಿಕ್ಕಿತು. 2023ರ ನವೆಂಬರ್ 6ರಂದು ದಿಲ್ಲಿಯ ವಿಶ್ವಕಪ್ ಪಂದ್ಯದಲ್ಲಿ ಶ್ರೀಲಂಕಾದ ಏಂಜೆಲೊ ಮ್ಯಾಥ್ಯೂಸ್ ‘ಟೈಮ್ಡ್ ಔಟ್’ ಆದ ಮೊದಲ ಅಂತರರಾಷ್ಟ್ರೀಯ ಆಟಗಾರರಾದಾಗ ಎಲ್ಲ ಕಡೆ ಚರ್ಚೆ ಹೆಲ್ಮೆಟ್ಟಿನ ಪಟ್ಟಿ ಕಿತ್ತದ್ದರ ಬಗ್ಗೆಯೇ. ನಾಲ್ಕನೇ ಅಂಪೈರ್ ಆಡ್ರಿಯನ್ ಹೋಲ್ಡ್‌ಸ್ಟಾಕ್ ಕ್ಯಾಮೆರಾದ ಮುಂದೆ ಬಂದು, ಪಟ್ಟಿ ಕೀಳುವ ಮೊದಲೇ ಎರಡು ನಿಮಿಷದ ಗಡುವು ಮೀರಿತ್ತು ಎಂದು ಹೇಳಿದರು. ಮ್ಯಾಥ್ಯೂಸ್ ಅದನ್ನು ಒಪ್ಪಲಿಲ್ಲ. ಆದರೂ ಜಗಳ ಯಾವ ಪ್ರಶ್ನೆಯ ಮೇಲೆ ನಡೆಯಬೇಕೋ ಅಲ್ಲಿಗೆ ಬಂತು, ಗಡಿಯಾರದ ಮೇಲೆ.

ಕನ್ನಡದ ನೋಡುಗರಿಗೆ ಇದರ ಅಗತ್ಯ ಇಮ್ಮಡಿ. ಮೂರನೇ ಅಂಪೈರ್ ಪರಿಶೀಲನೆ ನಡೆಸುವಾಗ ಹಂತ ಹಂತವಾಗಿ ಆಡುವ ಮಾತು ಈಗ ಪ್ರಸಾರದಲ್ಲಿ ಕೇಳುತ್ತದೆ, ಆದರೆ ಅದು ಇಂಗ್ಲಿಷಿನಲ್ಲಿ. ಇಂಗ್ಲಿಷ್ ಬಲ್ಲವರು ತೀರ್ಪುಗಾರನನ್ನೇ ಕೇಳಿಸಿಕೊಳ್ಳಬಹುದು. ಕುಂದಗೋಳ, ನವಲಗುಂದ, ಕಲಘಟಗಿಯ ಮನೆಗಳಲ್ಲಿ ಕನ್ನಡ ವಾಹಿನಿ ಹಾಕಿ ಕೂತವರು ವಿವರಣೆಕಾರ ಹೇಳಿದ್ದನ್ನೇ ನಂಬಬೇಕು. ಐಪಿಎಲ್ ಪಂದ್ಯಗಳು ಕನ್ನಡದಲ್ಲಿ ಬರತೊಡಗಿ ಕೆಲವು ವರ್ಷಗಳಾದವು. ಅಲ್ಲಿ ಕೂತವರು ಬಹುಪಾಲು ರಾಜ್ಯದ ಹಳೆಯ ಆಟಗಾರರು. ಅವರ ಕನ್ನಡ ಚೆಂದ, ಆಟದ ತಿಳಿವಳಿಕೆ ಆಳವಾದದ್ದು, ಅವರು ಬಂದದ್ದರಿಂದಲೇ ಈ ಭಾಷೆಗೆ ಕ್ರಿಕೆಟ್ಟಿನ ಹೊಸ ಮಾತುಗಳು ಸಿಕ್ಕಿವೆ. ಅವರನ್ನು ಎಬ್ಬಿಸಬೇಕೆಂದು ಯಾರೂ ಕೇಳುತ್ತಿಲ್ಲ. ಅವರ ಪಕ್ಕದಲ್ಲಿ ನಿಯಮ ಬಲ್ಲ ಒಬ್ಬರು ಕೂರಬೇಕೆಂಬುದಷ್ಟೇ ಬೇಡಿಕೆ.

ಅಂಥವರು ನಮ್ಮಲ್ಲಿ ಇಲ್ಲದಿಲ್ಲ. ರಾಜ್ಯ ಕ್ರಿಕೆಟ್ ಸಂಸ್ಥೆಯ ಧಾರವಾಡ ವಲಯದ ಲೀಗ್ ಪಂದ್ಯಗಳಿಂದ ಹಿಡಿದು ಹುಬ್ಬಳ್ಳಿಯ ರಾಜನಗರ ಮೈದಾನದಲ್ಲಿ ನಡೆಯುವ ರಣಜಿ ಪಂದ್ಯಗಳವರೆಗೆ, ಬಿಸಿಲಿನಲ್ಲಿ ದಿನವಿಡೀ ನಿಂತು ನಿಯಮವನ್ನು ಕಾಯುವವರಿದ್ದಾರೆ. ಗದಗಿನ ಸುನಿಲ್ ಜೋಶಿ ಹುಬ್ಬಳ್ಳಿಗೆ ಓಡಾಡಿ ಅಭ್ಯಾಸ ಮಾಡಿ ಭಾರತ ತಂಡಕ್ಕೆ ಆಡಿದ್ದನ್ನು ಈ ಭಾಗ ಹೆಮ್ಮೆಯಿಂದ ನೆನೆಯುತ್ತದೆ. ಅದೇ ಮೈದಾನಗಳ ಅಂಪೈರ್‌ಗಳ ಹೆಸರು ಯಾರ ಬಾಯಲ್ಲೂ ಇಲ್ಲ. ಹುಬ್ಬಳ್ಳಿ ಟೈಗರ್ಸ್ 2023ರಲ್ಲಿ ಗೆದ್ದ ಮಹಾರಾಜ ಟ್ರೋಫಿಯಂಥ ನಮ್ಮದೇ ಪಂದ್ಯಾವಳಿಯಿಂದ ಇದನ್ನು ಆರಂಭಿಸಬಹುದು. ಪ್ರತಿ ಪಂದ್ಯದ ಕನ್ನಡ ವಿವರಣೆಗೆ ಒಬ್ಬ ನಿವೃತ್ತ ಅಂಪೈರ್‌ರನ್ನು ಕರೆಯಿರಿ. ಪರಿಶೀಲನೆ ನಡೆಯುವಾಗ ಮೈಕು ಅವರ ಕೈಗೆ ಕೊಡಿ. 42 ನಿಯಮಗಳನ್ನು ತಿಳಿಗನ್ನಡದಲ್ಲಿ ಅಚ್ಚು ಹಾಕಿಸಿ ಶಾಲೆಗಳಿಗೂ ವಿವರಣೆಕಾರರಿಗೂ ಹಂಚಿ. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯೂ ಕನ್ನಡ ವಾಹಿನಿಗಳೂ ಮುಂದಿನ ಋತುವಿಗೇ ಇದನ್ನು ಮಾಡಲಿ. ಮಾಡದಿದ್ದರೆ ಕನ್ನಡದಲ್ಲಿ ಆಟ ನೋಡುವ ನಾವು ಕೇಳಿ ಪಡೆಯೋಣ.